ಒಂದು ಟನ್ ಕಲ್ಲಿಗೆ ಎಷ್ಟು ಭಾಷೆ? ಕೆಜಿಎಫ್‌ನಲ್ಲೊಂದು ನಡಿಗೆ

ಬಂಗಾರಪೇಟೆ ಜಂಕ್ಷನ್‌ನಿಂದ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಕೊನೆಯ ನಿಲ್ದಾಣ ಮಾರಿಕುಪ್ಪಂಗೆ ಹೋಗುವ ರೈಲು ಬೆಳಗಿನ ಹೊತ್ತು ಖಾಲಿ ಖಾಲಿ. ಎದುರಿನಿಂದ ಬರುವ ರೈಲಿನಲ್ಲಿ ಮಾತ್ರ ಕಾಲಿಡೋಕೂ ಜಾಗ ಇರುವುದಿಲ್ಲ. ಕೆಜಿಎಫ್‌ನ ಜನ ಟಿಫನ್ ಡಬ್ಬಿ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೊರಟಿರುತ್ತಾರೆ. ನೂರು ವರ್ಷದ ಹಿಂದೆ ಇದು ಉಲ್ಟಾ ಇತ್ತು. ಕೆಲಸ ಹುಡುಕಿಕೊಂಡು ಜನ ಒಳಗೆ ಬರುತ್ತಿದ್ದರು. 1894ರಲ್ಲಿ ಈ ಹಳಿ ಹಾಕಿದ್ದೇ ಗಣಿಗಾಗಿ.

ಬಂಗಾರಪೇಟೆಗೆ ಬಂಗಾರದಿಂದಲೇ ಹೆಸರು ಬಂತು ಅಂತ ನಾನು ಹೈಸ್ಕೂಲು ಮುಗಿಯುವವರೆಗೂ ನಂಬಿದ್ದೆ. ಹಳೆಯ ಕಾಗದಪತ್ರಗಳಲ್ಲಿ ಅದು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಅದು. ನಮ್ಮ ಜಿಲ್ಲೆಯಲ್ಲಿ ಊರ ಹೆಸರನ್ನು ನೋಡಿ ಸುಮ್ನೆ ಅರ್ಥ ಹೇಳೋಕೆ ಹೋಗಬಾರದು.

ನಮಗೆ ಊರು ತೋರಿಸಿದ್ದು ಗೆಳೆಯನ ಅಪ್ಪ. ಎಷ್ಟೋ ವರ್ಷ ಗಣಿಯೊಳಗೆ ದುಡಿದು, 2001ರಲ್ಲಿ ಬೀಗ ಬಿದ್ದಾಗ ಮನೆಗೆ ಬಂದವರು. ನಾವೆಲ್ಲ ಅಂಕಲ್ ಅಂತೀವಿ. ಮನೆಯಲ್ಲಿ ತಮಿಳು, ಮಾರ್ಕೆಟ್ಟಿನಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಜೊತೆಗೆ ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಚಿಕ್ಕಮ್ಮನ ಮಗ. ಮಾರಿಕುಪ್ಪಂನಲ್ಲಿ ಇಳಿದು ಹತ್ತು ಹೆಜ್ಜೆ ಹಾಕುವುದರೊಳಗೆ ಅವನ ಪ್ರಶ್ನೆ ಬಂತು. "ಅಂಕಲ್, ಕರ್ನಾಟಕದೊಳಗೆ ಇಷ್ಟು ತಮಿಳು ಹೆಂಗ ಬಂತ್ರೀ?"

ಅಂಕಲ್ ನಕ್ಕರು. "ಮೊದಲು ಆ ಗುಡ್ಡ ನೋಡು ಸಾಮಿ. ಆಮೇಲೆ ಹೇಳ್ತೀನಿ."

ಕೆಜಿಎಫ್ ನೋಡದವರಿಗೆ ಆ ಗುಡ್ಡದ ಬಗ್ಗೆ ಹೇಳಬೇಕು. ಊರ ನಡುವೆ, ಮನೆಗಳ ಬೆನ್ನಿಗೇ, ಬೂದು ಬಿಳಿ ಬಣ್ಣದ ಮರಳಿನ ದಿಬ್ಬಗಳಿವೆ. ಮಳೆ ನೀರು ಹರಿದು ಮೈಮೇಲೆಲ್ಲ ಸೀಳು ಸೀಳು. ಫೋಟೋ ತೆಗೆದು ರಾಜಸ್ಥಾನ ಅಂದರೂ ನಂಬುತ್ತಾರೆ. ಸಿನಿಮಾದವರು ಮರಳುಗಾಡಿನ ಸೀನು ಬೇಕಾದಾಗ ಇಲ್ಲಿಗೆ ಬರುವುದೂ ಅದಕ್ಕೇ. ಆದರೆ ಲೆಕ್ಕದ ಪ್ರಕಾರ ಇದು ಮರಳುಗಾಡಲ್ಲ. ಮರಳುಗಾಡು ಅನ್ನಿಸಿಕೊಳ್ಳಲು ವರ್ಷದ ಮಳೆ 250 ಮಿಲಿಮೀಟರಿಗಿಂತ ಕಡಿಮೆ ಇರಬೇಕು. ನಮ್ಮ ಕೋಲಾರ ಬರದ ನಾಡಾದರೂ 700 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಇದು ಪ್ರಕೃತಿ ಮಾಡಿದ ಮರಳುಗಾಡಲ್ಲ, ಗಿರಣಿ ಮಾಡಿದ್ದು.

ಅದು ಹೇಗೆ ಅಂದರೆ, ಇಲ್ಲಿ ಬಂಗಾರ ಗಟ್ಟಿಗಟ್ಟಿಯಾಗಿ ಸಿಗುತ್ತಿರಲಿಲ್ಲ. ಬೆಣಚುಕಲ್ಲಿನ ಪದರದಲ್ಲಿ ಸಣ್ಣ ಸಣ್ಣ ಕಣಗಳಾಗಿ ಸೇರಿಕೊಂಡಿತ್ತು. ಆ ಕಲ್ಲನ್ನು ಒಡೆದು ಮೇಲಕ್ಕೆ ತಂದು ಹಿಟ್ಟು ಮಾಡಬೇಕು. ಹಿಟ್ಟಿಗೆ ಸೈನೈಡ್ ಬೆರೆಸಿದ ನೀರು ಹಾಯಿಸಿದರೆ, ಟೀಯಲ್ಲಿ ಸಕ್ಕರೆ ಕರಗುವಂತೆ ಬಂಗಾರ ಅದರಲ್ಲಿ ಕರಗುತ್ತದೆ. ಆ ನೀರನ್ನು ಸೋಸಿ ಸತುವು ಹಾಕಿದರೆ ಬಂಗಾರ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಉಳಿದ ಕೆಸರನ್ನು ಹೊರಗೆ ಸುರಿಯುತ್ತಾರೆ. ಅದು ಒಣಗಿ, ಅದರ ಮೇಲೆ ಇನ್ನಷ್ಟು ಬಿದ್ದು, ನೂರು ವರ್ಷದಲ್ಲಿ ಗುಡ್ಡವಾಯಿತು. ಅದಕ್ಕೇ ಸೈನೈಡ್ ಗುಡ್ಡ ಅನ್ನುವ ಹೆಸರು. ಇಂಥ 13 ಗುಡ್ಡಗಳಿವೆ. ಎಲ್ಲ ಸೇರಿ 3.3 ಕೋಟಿ ಟನ್ ಅನ್ನುವ ಲೆಕ್ಕವಿದೆ.

ಈಗ ಒಂದು ಟನ್ ಕಲ್ಲಿನ ಲೆಕ್ಕ ನೋಡಿ. ಮೊದಲ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂಗೂ ಜಾಸ್ತಿ ಬಂಗಾರ ಸಿಗುತ್ತಿತ್ತು. ಮುಚ್ಚುವ ಹೊತ್ತಿಗೆ ಅದು 3 ಗ್ರಾಂ ಹತ್ತಿರಕ್ಕೆ ಇಳಿದಿತ್ತು. ಅಂದರೆ ಒಂದು ಸಣ್ಣ ಉಂಗುರಕ್ಕಾಗಿ ಒಂದು ಟನ್ ಕಲ್ಲು. ಅಷ್ಟು ಕಲ್ಲು ಒಡೆಯೋಕೆ ಕೈ ಬೇಕು. ಬಂಗಾರದ ಪಾಲು ಕಡಿಮೆಯಾದಷ್ಟೂ ಕೈಗಳು ಜಾಸ್ತಿ ಬೇಕು. ನನ್ನ ಚಿಕ್ಕಮ್ಮನ ಮಗನ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ.

ಇಲ್ಲಿ ಬಂಗಾರ ಇರುವುದು ಊರವರಿಗೆ ಹಿಂದಿನಿಂದಲೂ ಗೊತ್ತಿತ್ತು. 1802ರಲ್ಲಿ ಗಡಿ ಸರ್ವೆಗೆ ಬಂದ ಬ್ರಿಟಿಷ್ ಸೇನೆಯ ಜಾನ್ ವಾರೆನ್, ಮಾರಿಕುಪ್ಪಂ ಸುತ್ತ ಜನ ಮಣ್ಣು ತೊಳೆದು ಬಂಗಾರ ತೆಗೆಯುವುದನ್ನು ನೋಡಿ ಬರೆದಿಟ್ಟ. ಆ ಬರಹವನ್ನು ಓದಿ ತಲೆ ಕೆಡಿಸಿಕೊಂಡವನು ಮೈಕೆಲ್ ಲವೆಲ್. ಐರ್ಲೆಂಡಿನ ಸೈನಿಕ. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಇಲ್ಲಿಗೆ ಬಂದ. ಮೈಸೂರು ಸರ್ಕಾರದಿಂದ ಅಗೆಯಲು ಪರವಾನಗಿ ಪಡೆದ. ಬೆಂಗಳೂರಿನ ಲವೆಲ್ ರಸ್ತೆ ಇವನ ಹೆಸರಿನದೇ. ಆದರೆ ಆಳಕ್ಕೆ ಹೋಗುವಷ್ಟು ದುಡ್ಡು ಅವನಲ್ಲಿ ಇರಲಿಲ್ಲ. 1880ರಲ್ಲಿ ಲಂಡನ್ನಿನ ಗಣಿ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ನಿಜವಾದ ಗಣಿ ಶುರುವಾಯಿತು.

ಆ 1880 ಅನ್ನುವ ಇಸವಿಯನ್ನು ಸ್ವಲ್ಪ ಗಮನಿಸಬೇಕು. ಅದಕ್ಕೆ ಎರಡೇ ವರ್ಷ ಮೊದಲು ಮೈಸೂರು ಸೀಮೆ, ಮದರಾಸು ಸೀಮೆ ಎರಡೂ ಭೀಕರ ಬರ ಕಂಡಿದ್ದವು. 1876ರಿಂದ 78ರ ಆ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಉತ್ತರ ಆರ್ಕಾಟ್ ಜಿಲ್ಲೆಯಲ್ಲಿ ಭೂಮಿ ಇಲ್ಲದ ಕೂಲಿಯವರಿಗೆ ಊಟಕ್ಕೇ ಗತಿ ಇರಲಿಲ್ಲ. ಅದೇ ಹೊತ್ತಿಗೆ ಸಮುದ್ರದಾಚೆ, ಇಂಗ್ಲೆಂಡಿನ ಮೂಲೆಯ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಬೆಲೆ ಬಿದ್ದು ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಅಲ್ಲಿನ ಗಣಿ ಕೆಲಸಗಾರರು ಹೊಟ್ಟೆಪಾಡಿಗಾಗಿ ದೇಶ ದೇಶ ಸುತ್ತುತ್ತಿದ್ದರು. ಗುಡಿಯಾತ್ತಂ ಕಡೆಯ ಕೂಲಿ, ಕಾರ್ನ್‌ವಾಲ್‌ನ ಗಣಿಗಾರ, ಇಬ್ಬರೂ ಒಂದೇ ದಶಕದಲ್ಲಿ ಕೆಲಸ ಕಳಕೊಂಡು ಒಂದೇ ಗುಂಡಿಗೆ ಇಳಿದರು. ಒಬ್ಬನಿಗೆ ಬಂಗಲೆ ಸಿಕ್ಕಿತು, ಇನ್ನೊಬ್ಬನಿಗೆ ತಟ್ಟಿ ಗುಡಿಸಲು. ಅದು ಬೇರೆ ಮಾತು.

"ನೀನು ತಮಿಳುನಾಡು ಅಂತೀಯಲ್ಲ, ಆಗ ಎಲ್ಲಿತ್ತು ತಮಿಳುನಾಡು?" ಅಂತ ಅಂಕಲ್ ನನ್ನ ಚಿಕ್ಕಮ್ಮನ ಮಗನನ್ನೇ ಕೇಳಿದರು. ನಿಜ. ಈಗಿನ ರಾಜ್ಯಗಳ ಗಡಿಯನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ ಕೆಜಿಎಫ್ ಅರ್ಥವೇ ಆಗುವುದಿಲ್ಲ. ಆಗ ಚಿತ್ತೂರು, ಗುಡಿಯಾತ್ತಂ, ವೆಲ್ಲೂರು ಎಲ್ಲ ಒಂದೇ ಉತ್ತರ ಆರ್ಕಾಟ್ ಜಿಲ್ಲೆ. ಅಲ್ಲಿಂದ ಇಲ್ಲಿಗೆ ಎರಡು ಮೂರು ದಿನದ ನಡಿಗೆ. ಧಾರವಾಡದಿಂದ ಬರುವುದಕ್ಕಿಂತ ಎಷ್ಟೋ ಹತ್ತಿರ. ನಮ್ಮ ಕೋಲಾರದ ಹಳ್ಳಿಗಳಲ್ಲೇ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವುದು ಈಗಲೂ ಮಾಮೂಲು. ಸುತ್ತಲಿನ ರೈತರು ಹೊಲ ಬಿಟ್ಟು ಮಣ್ಣಿನೊಳಗೆ ಇಳಿಯಲು ಹಿಂದೇಟು ಹಾಕಿದರು. ಹೊಲವೇ ಇಲ್ಲದವರು ಇಳಿದರು. ಮೇಸ್ತ್ರಿಗಳು ಹಳ್ಳಿಗಳಿಗೆ ಹೋಗಿ ಮುಂಗಡ ಕೊಟ್ಟು ಗುಂಪು ಗುಂಪಾಗಿ ಕರೆತಂದರು. 1891ರಲ್ಲಿ ಕೆಜಿಎಫ್‌ನ ಜನಸಂಖ್ಯೆ 7 ಸಾವಿರ. ಹತ್ತು ವರ್ಷ ಕಳೆಯುವುದರೊಳಗೆ 38 ಸಾವಿರ.

ಮಾರಿಕುಪ್ಪಂನಿಂದ ಚಾಂಪಿಯನ್ ರೀಫ್ ಗಣಿಯ ಕಡೆಗೆ ನಡೆದರೆ ರಸ್ತೆಯ ಎರಡೂ ಕಡೆ ಲೈನುಗಳು. ಲೈನು ಅಂದರೆ ಕಂಪನಿ ಕಾರ್ಮಿಕರಿಗೆ ಕಟ್ಟಿಕೊಟ್ಟ ಸಾಲು ಮನೆಗಳು. ಮೊದಮೊದಲು ಬಿದಿರು ತಟ್ಟಿಯವು. ಬಾಗಿಲು ಎಷ್ಟು ಗಿಡ್ಡ ಅಂದರೆ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ತೊಟ್ಟಿಲು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಜನ ಇಲ್ಲೇ ಇದ್ದಾರೆ. ಮುಂದೆ ಒಂದು ಚಾಚು, ಮೇಲೆ ಒಂದು ಶೀಟು ಸೇರಿಸಿಕೊಂಡಿದ್ದಾರೆ.

ಈ ಊರನ್ನು ಓದುವ ಕ್ರಮವೇ ಇದು ಅಂತ ನನಗೆ ಅನ್ನಿಸಿತು. ಬೇರೆ ಊರಿನಲ್ಲಿ ದೇವಸ್ಥಾನದ ಸುತ್ತ ಬೀದಿ, ಬೀದಿಗೊಂದು ಜಾತಿ. ಇಲ್ಲಿ ಗಣಿಗೆ ಇಳಿಯುವ ಆಳದ ಗುಂಡಿ, ಅಂದರೆ ಶಾಫ್ಟ್‌ನ ಸುತ್ತ ಬೀದಿ. ಯಾರು ಎಲ್ಲಿರಬೇಕು ಅನ್ನುವುದನ್ನು ಗಣಿಯೊಳಗಿನ ಕೆಲಸವೇ ತೀರ್ಮಾನಿಸಿತು. ನೆಲದಡಿ ಬಂಡೆ ಒಡೆಯುವ ಕೆಲಸ ಹೆಚ್ಚಾಗಿ ತಮಿಳು ದಲಿತರದು. ಅವರ ಲೈನುಗಳು ಶಾಫ್ಟ್ ಪಕ್ಕದಲ್ಲೇ, ಧೂಳಿನಲ್ಲೇ. ಕಾವಲಿಗೆ ಪಂಜಾಬಿನವರು. ಒಳಗಿನ ಮೇಲ್ವಿಚಾರಣೆಗೆ ಕಾರ್ನ್‌ವಾಲ್‌ನವರು, ಇಟಲಿಯವರು. ಆಫೀಸು, ವರ್ಕ್‌ಶಾಪು, ಆಸ್ಪತ್ರೆಗಳ ನಡುಮಟ್ಟದ ಕೆಲಸಗಳಲ್ಲಿ ಆಂಗ್ಲೋ ಇಂಡಿಯನ್ನರು. ತೆಲುಗರು, ಕನ್ನಡಿಗರು, ಉರ್ದು ಮಾತಾಡುವ ಮುಸ್ಲಿಮರು ನೆಲದ ಮೇಲೂ ಇದ್ದರು, ಒಳಗೂ ಇದ್ದರು, ಅಂಗಡಿ ಬೀದಿಯಲ್ಲಂತೂ ಇದ್ದೇ ಇದ್ದರು. ಇದನ್ನೆಲ್ಲ "ಸರ್ವ ಜನಾಂಗದ ಶಾಂತಿಯ ತೋಟ" ಅಂತ ಹೂಮಾಲೆ ಹಾಕಿ ಬಿಡುವುದು ಸುಲಭ. ಆದರೆ ತೋಟದಲ್ಲಿ ಯಾವ ಗಿಡಕ್ಕೆ ಎಷ್ಟು ನೀರು ಅನ್ನುವುದೂ ಕಾಣುತ್ತಲ್ವಾ?

ಇಲ್ಲಿನ ಕ್ಯಾಪ್ಟನ್ ಅನ್ನುವ ಪದ ನನಗೆ ತುಂಬ ದಿನ ತಲೆ ತಿಂದಿತ್ತು. ಹಳೆಯ ಹೆಸರುಗಳಲ್ಲಿ ಕ್ಯಾಪ್ಟನ್ ಇಂಥವರು, ಕ್ಯಾಪ್ಟನ್ ಅಂಥವರು ಅಂತ ಬರುತ್ತದೆ. ಸೈನ್ಯದವರೇನೋ ಅಂದುಕೊಂಡಿದ್ದೆ. ಕಾರ್ನ್‌ವಾಲ್‌ನ ಗಣಿಗಳಲ್ಲಿ ಮೇಲ್ವಿಚಾರಕನನ್ನು ಕರೆಯುವುದೇ ಹಾಗೆ. ಆ ರೂಢಿ ಹಡಗು ಹತ್ತಿ ಮಾರಿಕುಪ್ಪಂವರೆಗೂ ಬಂತು.

ನಮ್ಮ ನಡಿಗೆಯಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಮಾರಿಕುಪ್ಪಂನ ಬೌದ್ಧರ ಕಥೆಗೆ. ಕೋಲಾರದವಳಾಗಿ ಇಷ್ಟು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. ಮದರಾಸಿನಲ್ಲಿ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರು 1898ರಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧರಾಗುವುದಕ್ಕೆ ಐವತ್ತೆಂಟು ವರ್ಷ ಮೊದಲು. ತಮಿಳು ದಲಿತರು ಮೂಲದಲ್ಲಿ ಬೌದ್ಧರೇ ಆಗಿದ್ದವರು ಅನ್ನುವುದು ಅವರ ವಾದ. ಮದರಾಸಿನ ಹೊರಗೆ ಆ ಮಾತಿಗೆ ಗಟ್ಟಿ ನೆಲೆ ಸಿಕ್ಕ ಜಾಗಗಳಲ್ಲಿ ಈ ಗಣಿ ಊರು ಮುಖ್ಯವಾದದ್ದು. ಮಾರಿಕುಪ್ಪಂನಲ್ಲಿ ಸಂಘದ ಶಾಖೆ ಶುರುವಾಯಿತು. ಅಯೋತಿದಾಸರು ನಡೆಸುತ್ತಿದ್ದ ತಮಿಳನ್ ಪತ್ರಿಕೆ, ಅವರ ನಂತರ ಕೆಲವು ಕಾಲ ಕೆಜಿಎಫ್‌ನಿಂದಲೇ ಹೊರಬಂತು.

ಇಲ್ಲೇ ಯಾಕೆ ಅಂತ ಕೇಳಿದರೆ ಉತ್ತರ ಕೂಲಿಯಲ್ಲಿದೆ. ಹಳ್ಳಿಯಲ್ಲಿ ಗೌಡರ ಹೊಲದಲ್ಲಿ ದುಡಿದರೆ ಸಿಗುತ್ತಿದ್ದದ್ದು ಧಾನ್ಯ, ಅದೂ ಅವರು ಕೊಟ್ಟಷ್ಟು. ಇಲ್ಲಿ ಕೈಗೆ ನಗದು ಬರುತ್ತಿತ್ತು. ಗಣಿಯೊಳಗೆ ಅಪಾಯ ಇತ್ತು, ಮೇಲೆ ಬೈಗುಳ ಇತ್ತು. ಆದರೆ ಚಪ್ಪಲಿ ಹಾಕಿಕೊಂಡು ಬೀದಿಯಲ್ಲಿ ನಡೆದರೆ ಕೇಳುವವರು ಇರಲಿಲ್ಲ. ಒಂದು ಕಾಸು ಮಿಕ್ಕಿದರೆ ಪತ್ರಿಕೆ ಕೊಳ್ಳಬಹುದಿತ್ತು, ರಾತ್ರಿ ಶಾಲೆಗೆ ಹೋಗಬಹುದಿತ್ತು. 1954ರಲ್ಲಿ ಅಂಬೇಡ್ಕರ್ ಕೂಡ ಇಲ್ಲಿಗೆ ಬಂದು ಹೋದರು. ಮುಂದೆ ಈ ಕ್ಷೇತ್ರ ಅಂಬೇಡ್ಕರ್ ವಿಚಾರದ ರಿಪಬ್ಲಿಕನ್ ಪಕ್ಷದವರನ್ನೂ ತಮಿಳುನಾಡಿನ ಪಕ್ಷವಾದ ಎಐಎಡಿಎಂಕೆಯವರನ್ನೂ ಕರ್ನಾಟಕದ ವಿಧಾನಸಭೆಗೆ ಕಳಿಸಿತು. ಆ ರಾಜಕೀಯದ ಬೇರು ಈ ಲೈನುಗಳಲ್ಲಿದೆ.

ಚಾಂಪಿಯನ್ ರೀಫ್‌ನಲ್ಲಿ ಚರ್ಚು ಇದೆ, ಅವರ್ ಲೇಡಿ ಆಫ್ ವಿಕ್ಟರೀಸ್ ಅಂತ. ಊರೊಳಗೆ ಇನ್ನೂ ಎಷ್ಟೋ ಚರ್ಚುಗಳಿವೆ. ಮಸೀದಿಗಳಿವೆ. ಬೀದಿ ಬೀದಿಗೂ ಮಾರಿಯಮ್ಮ, ಮುರುಗನ್ ಗುಡಿಗಳಿವೆ. ಅಂಕಲ್ ಮನೆಯವರು ಕ್ರಿಸ್ಮಸ್‌ಗೆ ಪಕ್ಕದ ಮನೆಯ ಕೇಕು ತಿಂದು, ತಮಿಳರ ಆಡಿ ತಿಂಗಳಲ್ಲಿ ಮಾರಿಯಮ್ಮನಿಗೆ ಅಂಬಲಿ ಕಾಯಿಸುವವರು. ಹೊರಗಿನಿಂದ ಬರುವ ಟೂರಿಸ್ಟು ವ್ಯಾನುಗಳು ಮಾತ್ರ ಕಮ್ಮಸಂದ್ರದ ಕೋಟಿಲಿಂಗೇಶ್ವರ ನೋಡಿಕೊಂಡು ಹಾಗೇ ವಾಪಸಾಗುತ್ತವೆ. ಊರೊಳಗೆ ಬರುವವರು ಕಡಿಮೆ.

ಮುಂದೆ ಶಾಫ್ಟ್. ಹತ್ತಿರ ಹೋಗೋಕೆ ಬಿಡುವುದಿಲ್ಲ, ದೂರದಿಂದಲೇ ನೋಡಬೇಕು. ಕಬ್ಬಿಣದ ಎತ್ತರದ ಗೋಪುರ, ತುದಿಯಲ್ಲಿ ದೊಡ್ಡ ಗಾಲಿ. ಆ ಗಾಲಿಯ ಮೇಲೆ ಹಗ್ಗ ಹಾಯಿಸಿ ಕೇಜ್ ಇಳಿಸುತ್ತಿದ್ದರು. ಕೇಜ್ ಅಂದರೆ ಜನರನ್ನು ಒಳಗಿಳಿಸುವ ಲಿಫ್ಟು. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ನಂದಿಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ. ಅಂಥ ಎರಡು ಎತ್ತರವನ್ನು ಒಂದರ ಮೇಲೊಂದು ಇಟ್ಟರೂ ಈ ಗುಂಡಿ ಇನ್ನೂ ಆಳವೇ.

ಅಷ್ಟು ಕೆಳಗೆ ಕಲ್ಲೇ 60 ಡಿಗ್ರಿ ದಾಟಿ ಬಿಸಿ. ಮೇಲಿನಿಂದ ತಣ್ಣನೆ ಗಾಳಿ ಊದದಿದ್ದರೆ ಮನುಷ್ಯ ಉಳಿಯುವ ಹಾಗಿಲ್ಲ. ಇನ್ನೊಂದು ಭಯ ಕಲ್ಲು ಸಿಡಿಯುವುದು. ಮೇಲೆ ಮೂರು ಕಿಲೋಮೀಟರ್ ಬಂಡೆಯ ಭಾರ. ಒಳಗಿನಿಂದ ಕಲ್ಲು ತೆಗೆದಾಗ ಆ ಭಾರ ಹೊರುವ ಆಸರೆ ಹೋಗುತ್ತದೆ. ಉಳಿದ ಬಂಡೆ ಒತ್ತಡ ತಾಳದೆ ಪಟಾರನೆ ಸಿಡಿಯುತ್ತದೆ. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದವಂತೆ. "ಪಾತ್ರೆ ಬಿದ್ದರೆ ಯಾರೂ ಎತ್ತುತ್ತಾ ಇರಲಿಲ್ಲ. ಎಲ್ಲ ಹೆಂಗಸರೂ ಮೊದಲು ಶಾಫ್ಟ್ ಕಡೆ ಓಡೋರು," ಅಂದರು ಅಂಕಲ್. ತಮಿಳಿನಲ್ಲಿ ಗಿರಣಿಯ ಸೈರನ್‌ಗೆ ಸಂಗು ಅನ್ನುತ್ತಾರೆ, ಅಂದರೆ ಶಂಖ. ಸಂಗು ಹೊತ್ತಲ್ಲದ ಹೊತ್ತಿಗೆ ಕೂಗಿದರೆ ಏನು ಅರ್ಥ ಅನ್ನುವುದು ಆ ಊರಲ್ಲಿ ಎಲ್ಲ ಭಾಷೆಯವರಿಗೂ ಗೊತ್ತಿತ್ತು.

ಈ ಆಳಕ್ಕೆ ಬಂದವರಲ್ಲಿ ಬಂಗಾರ ಬೇಡದವರೂ ಇದ್ದರು. ಆಕಾಶದಿಂದ ಸುರಿಯುವ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. ನ್ಯೂಟ್ರಿನೋ ಅನ್ನುವ ಕಣ ಮಾತ್ರ ಯಾವುದಕ್ಕೂ ಅಂಜದೆ ತೂರಿಕೊಂಡು ಬರುತ್ತದೆ. ಅದನ್ನು ಹಿಡಿಯೋಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಯಂತ್ರ ಇಟ್ಟರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಜಗತ್ತಿನಲ್ಲಿ ಮೊದಲು ಹಿಡಿದವರಲ್ಲಿ ಇವರೂ ಸೇರಿದ್ದಾರೆ.

ಕರೆಂಟಿನ ಕಥೆಯೂ ಹೀಗೇ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಜಿಲ್ಲೆಯವರು ಈ ಎರಡು ಇಸವಿಗಳನ್ನು ಬೆಂಗಳೂರಿನವರ ಮುಂದೆ ಒಮ್ಮೆಯಾದರೂ ಹೇಳದೆ ಬಿಡುವುದಿಲ್ಲ. ಆದರೆ ಆ ಕರೆಂಟು ಮೊದಲು ಹೋದದ್ದು ಯಂತ್ರಗಳಿಗೆ, ಬಂಗಲೆಗಳಿಗೆ. ಲೈನಿನವರ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿಯೇ ಬಹಳ ಕಾಲ ಉರಿಯಿತು ಅಂತ ಅಂಕಲ್ ತಮ್ಮ ತಾತನ ಮಾತು ಹೇಳಿದರು.

ಉರಿಗಾಂ ಕಡೆ ಬಂದಾಗ ಊರು ತಟ್ಟನೆ ಬದಲಾಗುತ್ತದೆ. ದೊಡ್ಡ ಮರಗಳು, ಅಗಲ ವರಾಂಡದ ಬಂಗಲೆಗಳು, ಗಾಲ್ಫ್ ಆಡುವ ಬಯಲು, 1885ರ ಕ್ಲಬ್ಬು. ಮಿನಿ ಇಂಗ್ಲೆಂಡ್ ಅನ್ನುವ ಹೆಸರು ಬಂದದ್ದು ಈ ಭಾಗದಿಂದ. ಇಲ್ಲಿ ನಿಂತು ಹಿಂದೆ ತಿರುಗಿದರೆ ಸೈನೈಡ್ ಗುಡ್ಡ, ಮುಂದೆ ನೋಡಿದರೆ ನೆರಳು. ನಡುವೆ ಒಂದೆರಡು ಕಿಲೋಮೀಟರ್ ಅಷ್ಟೇ. ಕೆಜಿಎಫ್ ಪರಂಪರೆ ಅಂತ ಪುಸ್ತಕ, ವಿಡಿಯೊಗಳಲ್ಲಿ ಜಾಸ್ತಿ ಬರುವುದು ಈ ಬಂಗಲೆಗಳೇ. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. ಬಂಗಲೆಯವರು ಸ್ವಾತಂತ್ರ್ಯದ ಆಚೀಚೆ ಇಂಗ್ಲೆಂಡಿಗೆ ಹೋದರು. ಆಂಗ್ಲೋ ಇಂಡಿಯನ್ನರಲ್ಲಿ ತುಂಬ ಜನ ಆಸ್ಟ್ರೇಲಿಯಾ ಸೇರಿದರು. ಲೈನಿನವರು ಎಲ್ಲಿಗೂ ಹೋಗಲಿಲ್ಲ.

ಕಂಪನಿಗೆ ಕಳ್ಳತನದ ಭಯ ವಿಪರೀತ ಇತ್ತು. ಪಾಳಿ ಮುಗಿಸಿ ಬಂದವರನ್ನು ಮೈ ತಡವಿ ಬಿಡುತ್ತಿದ್ದರು. 1930ರಲ್ಲಿ ಕಾರ್ಮಿಕರೆಲ್ಲ ಬೆರಳ ಗುರುತು ಕೊಟ್ಟು ನೋಂದಣಿ ಮಾಡಿಸಬೇಕು ಅಂದಾಗ ದೊಡ್ಡ ಮುಷ್ಕರವೇ ನಡೆಯಿತು. ನಾವು ಕಳ್ಳರೇನು ಅನ್ನುವುದು ಅವರ ಪ್ರಶ್ನೆ. ಆ ಸುಮಾರಿಗೆ ಇಲ್ಲಿ 30 ಸಾವಿರದಷ್ಟು ಜನ ದುಡಿಯುತ್ತಿದ್ದರು. ಆ ಕಾಲದ ಒಂದು ಗುರುತು ಈಗಲೂ ಉಳಿದಿದೆ. ಕೋಲಾರ ಜಿಲ್ಲೆಗೆ ಒಬ್ಬ ಎಸ್ಪಿ ಇದ್ದರೆ, ಅದೇ ಜಿಲ್ಲೆಯೊಳಗಿನ ಕೆಜಿಎಫ್‌ಗೆ ಇನ್ನೊಬ್ಬ ಎಸ್ಪಿ. ಗಣಿ ಮುಚ್ಚಿದರೂ ಪೊಲೀಸ್ ಜಿಲ್ಲೆ ಬೇರೆಯಾಗಿಯೇ ಇದೆ.

ರಾಬರ್ಟ್‌ಸನ್‌ಪೇಟೆ ತಲುಪುವ ಹೊತ್ತಿಗೆ ನಮ್ಮ ಕಾಲು ಸೋತಿದ್ದವು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ಪೇಟೆ ಇದು. ಗಣಿ ಸುತ್ತಲಿನ ಗುಡಿಸಲುಗಳಲ್ಲಿ ಜನ ಕಿಕ್ಕಿರಿದಾಗ, ಕಳೆದ ಶತಮಾನದ ಶುರುವಿನಲ್ಲಿ ಅಳತೆ ಹಿಡಿದು ಕಟ್ಟಿದ ಊರು. ಅದಕ್ಕೇ ರಸ್ತೆಗಳೆಲ್ಲ ನೂಲು ಹಿಡಿದ ಹಾಗೆ ನೇರ. ಇಲ್ಲಿನ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ಕಿವಿಗೊಟ್ಟರೆ ಸಾಕು. ಸೊಪ್ಪಿನವಳು ತೆಲುಗಿನಲ್ಲಿ ಕೂಗುತ್ತಾಳೆ, ಗಿರಾಕಿ ತಮಿಳಿನಲ್ಲಿ ಚೌಕಾಸಿ ಮಾಡುತ್ತಾನೆ, ಪಕ್ಕದ ಅಂಗಡಿಯವರು ಉರ್ದುವಿನಲ್ಲಿ ಚಿಲ್ಲರೆ ಕೇಳುತ್ತಾರೆ, ಲೆಕ್ಕದ ಚೀಟಿ ಕನ್ನಡದಲ್ಲಿ. ಒಬ್ಬರೂ ಇನ್ನೊಬ್ಬರಿಗೆ ಏನಂದಿರಿ ಅಂತ ಎರಡನೇ ಸಲ ಕೇಳುವುದಿಲ್ಲ. ಶಿಫ್ಟ್, ಶಾಫ್ಟ್, ಮಿಲ್ಲು, ಲೈನು, ಕೇಜ್. ಗಣಿ ತಂದ ಈ ಇಂಗ್ಲಿಷ್ ಪದಗಳು ನಾಲ್ಕೂ ಭಾಷೆಯಲ್ಲಿ ಒಂದೇ ಥರ ಕೂತಿವೆ.

ಭಾಷೆಯ ಜಗಳ ಇಲ್ಲಿ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬೋರ್ಡಿನ ಮೇಲೆ, ಶಾಲೆಯ ವಿಷಯದಲ್ಲಿ, ಚುನಾವಣೆ ಬಂದಾಗ ಮಾತು ಬಿಸಿಯಾಗುತ್ತದೆ. ಆದರೆ ಹೊಸ ತಲೆಮಾರಿನ ಹುಡುಗರು ಕನ್ನಡ ಶಾಲೆಯಲ್ಲಿ ಓದಿ, ಬೆಂಗಳೂರಿನ ರೈಲು ಹತ್ತಿ, ಅಲ್ಲಿ ಕನ್ನಡದಲ್ಲೇ ಕೆಲಸ ಮಾಡಿ ಬರುತ್ತಾರೆ. ನನ್ನ ಚಿಕ್ಕಮ್ಮನ ಮಗನಿಗೆ ಹುಬ್ಬಳ್ಳಿ ಕನ್ನಡದಲ್ಲಿ ಉತ್ತರ ಕೊಡಲು ಒದ್ದಾಡಿದ್ದು ಅವರಲ್ಲ, ನಾನು.

ನಡೆಯಬೇಕು ಅನ್ನುವವರಿಗೆ ಒಂದೆರಡು ಮಾತು. ಮಾರಿಕುಪ್ಪಂನಿಂದ ರಾಬರ್ಟ್‌ಸನ್‌ಪೇಟೆವರೆಗೆ ಅರ್ಧ ದಿನ ಬೇಕು, ನಡುವೆ ಆಟೋ ಸಿಗುತ್ತದೆ. ಗಣಿಯ ಜಾಗಕ್ಕೆ ಬೇಲಿ ಹಾರಿ ಹೋಗಬೇಡಿ, ಹಳೆಯ ಗುಂಡಿಗಳಿವೆ. ಬೇಸಿಗೆಯಲ್ಲಿ ಗಾಳಿ ಎದ್ದ ದಿನ ಗುಡ್ಡದ ಹತ್ತಿರ ಹೋಗುವುದು ಬೇಡ. ಸೈನೈಡ್ ಬಿಸಿಲಿಗೆ ಬಹುಮಟ್ಟಿಗೆ ಸತ್ತಿದ್ದರೂ ಆ ಕಲ್ಲಿನ ಹಿಟ್ಟು ಶ್ವಾಸಕೋಶಕ್ಕೆ ಕೆಟ್ಟದ್ದು. ಗಣಿಯೊಳಗೆ ಅದೇ ಧೂಳು ಕುಡಿದು ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಹಿಡಿದವರು ಲೈನುಗಳಲ್ಲಿ ಎಷ್ಟೋ ಜನ. ಮನೆಗಳ ಫೋಟೋ ತೆಗೆಯುವ ಮುಂಚೆ ಕೇಳಿ. ಅದು ಮ್ಯೂಸಿಯಂ ಅಲ್ಲ, ಒಳಗೆ ಯಾರೋ ಅನ್ನ ಬಸಿಯುತ್ತಿರುತ್ತಾರೆ.

ಕೊನೆಗೆ ನೀರಿನ ಮಾತು ಬಂತು. ಬರದ ನಾಡಿನಲ್ಲಿ ಇಷ್ಟು ಜನಕ್ಕೆ ನೀರು ಎಲ್ಲಿಂದ? ಪಾಲಾರ್ ನದಿಗೆ ಅಡ್ಡಲಾಗಿರುವ ಬೇತಮಂಗಲದ ಕೆರೆಯಿಂದ. ಆ ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ.  ಯಾವ ರಾಜನೋ ಗದ್ದೆಗೆಂದು ಉಳಿಸಿಕೊಂಡು ಬಂದ ಕೆರೆ, ಸಾವಿರ ವರ್ಷದ ಮೇಲೆ ಲಂಡನ್ನಿನ ಕಂಪನಿಯ ಗಿರಣಿಗೂ ಲೈನಿನ ಬಿಂದಿಗೆಗೂ ನೀರಾಯಿತು.

ಗಣಿ 1956ರಲ್ಲಿ ಮೈಸೂರು ರಾಜ್ಯದ ಕೈಗೆ ಬಂತು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಒಟ್ಟು 800 ಟನ್ ಬಂಗಾರ ಕೊಟ್ಟು 2001ರ ಫೆಬ್ರವರಿ 28ಕ್ಕೆ ನಿಂತಿತು. ತೆಗೆಯುವ ಖರ್ಚು ಸಿಗುವ ಬಂಗಾರದ ಬೆಲೆಯನ್ನು ಮೀರಿತ್ತು. ಪಂಪುಗಳೂ ನಿಂತವು. ಒಳಗೆ ಊರುವ ನೀರನ್ನು ಎತ್ತಿ ಹೊರಗೆ ಹಾಕುವವರು ಇಲ್ಲದೆ, ನೂರಾರು ಕಿಲೋಮೀಟರ್ ಸುರಂಗಗಳು ತುಂಬುತ್ತಾ ಬಂದವು.

"ನಾವು ಕೂತಿರೋ ಈ ಜಾಗದ ಕೆಳಗೆಲ್ಲ ನೀರೇ," ಅಂದರು ಅಂಕಲ್, ಟೀ ಲೋಟ ಕೆಳಗಿಡುತ್ತಾ. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಆ ಕಡೆಯಿಂದ ಆಂಟಿಯ ತಮಿಳು ನಮಗೂ ಕೇಳಿಸುವಷ್ಟು ಜೋರಾಗಿತ್ತು. ಹತ್ತು ದಿನದ ಮೇಲೆ ಬೀದಿ ನಲ್ಲಿಗೆ ನೀರು ಬಿಟ್ಟಿದ್ದಾರೆ, ಬಿಂದಿಗೆ ಎತ್ತೋಕೆ ಯಾರೂ ಇಲ್ಲ. ಅಂಕಲ್ ಚಪ್ಪಲಿ ಮೆಟ್ಟಿಕೊಂಡು ಎದ್ದರು. ನಮಗೆ ಕನ್ನಡದಲ್ಲಿ "ಬರ್ತೀನಿ ಸಾಮಿ" ಅಂದರು. ಟೀ ಅಂಗಡಿಯವನಿಗೆ ತೆಲುಗಿನಲ್ಲಿ ದುಡ್ಡು ಆಮೇಲೆ ಅಂದರು. ಆಟೋದವನನ್ನು ಉರ್ದುವಿನಲ್ಲಿ ಕರೆದು ಹತ್ತಿ ಹೊರಟರು.